ಅಂಚೆಯಣ್ಣನ ಕೆಲಸದಲ್ಲಿ ಯಂತ್ರದ ಪಾಲು ಎಷ್ಟು?

ಮಧುಗಿರಿ ತಾಲ್ಲೂಕಿನ ಒಂದು ಶಾಖಾ ಅಂಚೆ ಕಚೇರಿಯಲ್ಲಿ ಬೆಳಗಿನ ಟಪಾಲು ಚೀಲ ಬಿಚ್ಚುವುದನ್ನು ನೋಡುತ್ತಾ ಕುಳಿತಿದ್ದೆ. ಕಚೇರಿಯೆಂದರೆ ಒಂದು ಮನೆಯ ಪಡಸಾಲೆ. ಒಂದು ಮೇಜು, ಒಂದು ಚಿಕ್ಕ ತಕ್ಕಡಿ, ಬಾಗಿಲ ಪಕ್ಕದಲ್ಲಿ ನಿಲ್ಲಿಸಿದ ಬೈಕು, ಅಷ್ಟೆ. ಚೀಲದಿಂದ ಹೊರಬಂದ ಹದಿನಾಲ್ಕು ಲಕೋಟೆಗಳಲ್ಲಿ ಒಂದರ ಮೇಲೆ "ಲಕ್ಷ್ಮಮ್ಮ ಕೋಂ ಲೇಟ್ ಹನುಮಂತರಾಯಪ್ಪ" ಎಂದು ಬರೆದಿತ್ತು. ಅದರ ಕೆಳಗೆ ಊರು, ಅಂಚೆ, ಹೋಬಳಿ, ತಾಲ್ಲೂಕು, ಪಿನ್ ಕೋಡ್. ಮನೆಯ ಸಂಖ್ಯೆ ಇಲ್ಲ, ಬೀದಿಯ ಹೆಸರಿಲ್ಲ, ಮೊಬೈಲ್ ಸಂಖ್ಯೆಯೂ ಇಲ್ಲ. ಆ ಊರಿನಲ್ಲಿ ಲಕ್ಷ್ಮಮ್ಮ ಎಂಬ ಹೆಸರಿನವರು ಆರು ಮಂದಿ ಇದ್ದಾರೆ. ಅವರಲ್ಲಿ ಇಬ್ಬರ ಗಂಡಂದಿರ ಹೆಸರು ಹನುಮಂತರಾಯಪ್ಪ. ಟಪಾಲು ಹಂಚುವ ಯುವಕ ಲಕೋಟೆಯ ಮೂಲೆಯಲ್ಲಿದ್ದ ಬ್ಯಾಂಕಿನ ಹೆಸರನ್ನು ಒಮ್ಮೆ ನೋಡಿ, "ಇದು ಕೆರೆ ಏರಿ ಕೆಳಗಿನ ಮನೆಯವರದ್ದು, ಆ ಬ್ಯಾಂಕಿನಲ್ಲಿ ಖಾತೆ ಇರೋದು ಅವರಿಗೊಬ್ಬರಿಗೇ" ಎಂದು ತನ್ನ ಚೀಲದ ಕೊನೆಯ ಭಾಗಕ್ಕೆ ಸೇರಿಸಿಕೊಂಡ. ಅವನ ದಾರಿಯಲ್ಲಿ ಕೆರೆ ಏರಿ ಬರುವುದು ಕೊನೆಗೆ.

ಯಾಂತ್ರೀಕರಣದಿಂದ ಅಂಚೆಯಣ್ಣನ ಕೆಲಸ ಹೋಗಿಬಿಡುತ್ತದೆಯೇ ಎಂಬ ಪ್ರಶ್ನೆಯನ್ನು ನಮ್ಮ ತುಮಕೂರು ಜಿಲ್ಲೆಯಲ್ಲಿ ಕೇಳುವವರು ಬಹಳ ಮಂದಿ ಇದ್ದಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಿಡಿದು ಹಳ್ಳಿಯ ಶಾಖಾ ಅಂಚೆ ಕಚೇರಿಗಳ ಗ್ರಾಮೀಣ ಡಾಕ್ ಸೇವಕ ಹುದ್ದೆಗೆ ಅರ್ಜಿ ಹಾಕುವ ಮಕ್ಕಳು ಕೇಳುತ್ತಾರೆ, ಮಗಳು ಅರ್ಜಿ ಹಾಕಲೋ ಬೇಡವೋ ಎಂದು ತಂದೆತಾಯಿ ಕೇಳುತ್ತಾರೆ. ಹೋಗುತ್ತದೆ ಅಥವಾ ಹೋಗುವುದಿಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡುವವರು ಇದನ್ನು ಒಂದೇ ಕೆಲಸವೆಂದು ಭಾವಿಸಿರುತ್ತಾರೆ. ಆದರೆ ಇದು ಹಲವು ಕೆಲಸಗಳ ಕಟ್ಟು: ಟಪಾಲನ್ನು ವಿಂಗಡಿಸುವುದು, ತನ್ನ ಬೀಟಿನ (ತಾನು ಹಂಚುವ ಪ್ರದೇಶದ) ದಾರಿಗೆ ತಕ್ಕಂತೆ ಜೋಡಿಸಿಕೊಳ್ಳುವುದು, ಹೊತ್ತು ಸಾಗುವುದು, ಸರಿಯಾದ ವ್ಯಕ್ತಿಯ ಕೈಗೆ ಕೊಟ್ಟು ಸಹಿ ಪಡೆಯುವುದು, ಸಂಜೆ ಲೆಕ್ಕ ಒಪ್ಪಿಸುವುದು. ಯಂತ್ರ ಈ ಕಟ್ಟನ್ನು ಒಂದೊಂದೇ ಎಳೆಯಾಗಿ ಬಿಚ್ಚುತ್ತದೆ, ಎಲ್ಲ ಎಳೆಗಳನ್ನೂ ಒಂದೇ ವೇಗದಲ್ಲಿ ಬಿಚ್ಚುವುದಿಲ್ಲ.

ಮೊದಲು ಕೈ ತಪ್ಪುವುದು ವಿಂಗಡಣೆ. ಅದು ಹೇಗೆ ಸಾಧ್ಯವಾಯಿತೆಂದು ತಿಳಿಯಲು ಪಿನ್ ಕೋಡನ್ನು ಅರ್ಥ ಮಾಡಿಕೊಳ್ಳಬೇಕು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರು ಅಂಕಿಗಳಲ್ಲಿ ಮೊದಲನೆಯದು ವಲಯವನ್ನು, ಎರಡನೆಯದು ಉಪವಲಯವನ್ನು, ಮೂರನೆಯದು ವಿಂಗಡಣಾ ಜಿಲ್ಲೆಯನ್ನು, ಉಳಿದ ಮೂರು ಬಟವಾಡೆ ಮಾಡುವ ಕಚೇರಿಯನ್ನು ಸೂಚಿಸುತ್ತವೆ. 572101 ಎಂದರೆ ತುಮಕೂರು, 563101 ಎಂದರೆ ಕೋಲಾರ, 562101 ಎಂದರೆ ಚಿಕ್ಕಬಳ್ಳಾಪುರ. ಭಾಷೆ ಹಲವು, ಬರವಣಿಗೆಯ ಶೈಲಿ ಲಕ್ಷಾಂತರ, ಒಂದೇ ಹೆಸರಿನ ಊರುಗಳು ನೂರಾರು ಇರುವ ದೇಶದಲ್ಲಿ ಊರಿನ ಹೆಸರು ಓದಲು ಬಾರದವರೂ ಟಪಾಲನ್ನು ಸರಿಯಾದ ಗೂಡಿಗೆ ಹಾಕಲಿ ಎಂಬುದು ಇದರ ಉದ್ದೇಶವಾಗಿತ್ತು. ಓದಲು ಬಾರದ ಮನುಷ್ಯನಿಗೆ ಅನುಕೂಲವಾದದ್ದು ಮುಂದೆ ಯಂತ್ರಕ್ಕೂ ಅನುಕೂಲವಾಯಿತು. ವಿಂಗಡಣಾ ಯಂತ್ರವು ಲಕೋಟೆಯ ಚಿತ್ರ ತೆಗೆದು, ಅದರಲ್ಲಿರುವ ಆರು ಅಂಕಿಗಳನ್ನು ಗುರುತಿಸಿ, ಆ ಕಾಗದವನ್ನು ತಕ್ಕ ತಟ್ಟೆಗೆ ತಳ್ಳುತ್ತದೆ. ಗುರುತಿಸಲಾಗದ ಬರಹವಿದ್ದರೆ ಅದರ ಚಿತ್ರವನ್ನು ಪರದೆಯ ಮುಂದೆ ಕುಳಿತ ನೌಕರರಿಗೆ ಕಳುಹಿಸುತ್ತದೆ, ಅವರು ಅಂಕಿಯನ್ನು ಒತ್ತುತ್ತಾರೆ. ದೆಹಲಿ ಮತ್ತು ಕೋಲ್ಕತ್ತಗಳಲ್ಲಿ 2012ರಲ್ಲಿ ಆರಂಭವಾದ ಸ್ವಯಂಚಾಲಿತ ಕೇಂದ್ರಗಳ ಯಂತ್ರಗಳು ಗಂಟೆಗೆ 30 ಸಾವಿರಕ್ಕೂ ಹೆಚ್ಚು ಕಾಗದಗಳನ್ನು ಹೀಗೆ ವಿಂಗಡಿಸಬಲ್ಲವು. ಗೂಡುಗಳ ಹಲಗೆಯ ಮುಂದೆ ನಿಂತು ರಾತ್ರಿಪಾಳಿಯಲ್ಲಿ ಇದೇ ಕೆಲಸ ಮಾಡುತ್ತಿದ್ದ ವಿಂಗಡಣೆಗಾರರ ಹುದ್ದೆಗಳು ಮೊದಲಿನ ಸಂಖ್ಯೆಯಲ್ಲಿ ಮತ್ತೆ ಬರುತ್ತವೆಂದು ನಿರೀಕ್ಷಿಸುವುದರಲ್ಲಿ ಅರ್ಥವಿಲ್ಲ.

ಈ ಯಂತ್ರ ನಮ್ಮ ಹಳ್ಳಿಗಳ ಮಟ್ಟಿಗೆ ಎಲ್ಲಿ ನಿಲ್ಲುತ್ತದೆ ಎಂಬುದು ಹೆಚ್ಚು ಮುಖ್ಯ. ಗ್ರಾಮಾಂತರದಲ್ಲಿ ಒಂದು ಉಪ ಅಂಚೆ ಕಚೇರಿಯ ಕೆಳಗೆ ಬರುವ ಹಲವು ಶಾಖಾ ಕಚೇರಿಗಳಿಗೆ ಸಾಮಾನ್ಯವಾಗಿ ಒಂದೇ ಪಿನ್ ಕೋಡ್ ಇರುತ್ತದೆ. ಆರು ಅಂಕಿಗಳನ್ನು ಓದಿದ ಯಂತ್ರ ಕಾಗದವನ್ನು ಆ ಉಪ ಕಚೇರಿಯವರೆಗೆ ತರಬಲ್ಲದು. ಅಲ್ಲಿಂದ ಯಾವ ಶಾಖೆ, ಶಾಖೆಯಲ್ಲಿ ಯಾವ ಊರು, ಊರಿನಲ್ಲಿ ಊರೊಳಗಿನ ಮನೆಯೋ ಹೊರಗಿನ ಹಟ್ಟಿಯೋ ತೋಟದ ಮನೆಯೋ, ಆ ಮನೆಯಲ್ಲಿ ಯಾವ ಲಕ್ಷ್ಮಮ್ಮ ಎಂಬ ನಾಲ್ಕು ವಿಂಗಡಣೆಗಳು ಮನುಷ್ಯರ ತಲೆಯಲ್ಲೇ ನಡೆಯುತ್ತವೆ.

ಅಮೆರಿಕದಲ್ಲಿ ಹೀಗಿಲ್ಲ. ಅಲ್ಲಿ ಪ್ರತಿ ಮನೆಗೂ ಸಂಖ್ಯೆಯಿದೆ, ಪ್ರತಿ ವಿಳಾಸಕ್ಕೂ ಒಂದು ಬಾರ್‌ಕೋಡ್ ಇದೆ. 1990ರ ದಶಕದಿಂದ ಅಲ್ಲಿಯ ಯಂತ್ರಗಳು ಪತ್ರಗಳನ್ನು ಊರಿನವರೆಗೆ ಮಾತ್ರವಲ್ಲದೆ, ಅಂಚೆಯವರು ನಡೆಯುವ ದಾರಿಯ ಮನೆಗಳ ಕ್ರಮದಲ್ಲೇ ಜೋಡಿಸಿಕೊಡುತ್ತಿವೆ. ಬೆಳಗ್ಗೆ ಗಂಟೆಗಟ್ಟಲೆ ಕಚೇರಿಯಲ್ಲಿ ನಿಂತು ಜೋಡಿಸಿಕೊಳ್ಳುತ್ತಿದ್ದವರು ಬೇಗನೆ ಬೀದಿಗೆ ಇಳಿದರು. ಉಳಿದ ಹೊತ್ತು ಅವರಿಗೆ ವಿಶ್ರಾಂತಿಯಾಗಿ ಸಿಗಲಿಲ್ಲ. ಪ್ರತಿಯೊಬ್ಬರ ದಾರಿ ಉದ್ದವಾಯಿತು, ಒಟ್ಟು ದಾರಿಗಳ ಸಂಖ್ಯೆ ಕಡಿಮೆಯಾಯಿತು. ಯಂತ್ರ ಒಬ್ಬರನ್ನು ನೇರವಾಗಿ ಮನೆಗೆ ಕಳುಹಿಸದೆಯೂ ಹುದ್ದೆಗಳನ್ನು ಕರಗಿಸುವ ಬಗೆ ಇದೇ: ನಿವೃತ್ತರಾದವರ ಬೀಟನ್ನು ಇಬ್ಬರು ಹಂಚಿಕೊಳ್ಳುತ್ತಾರೆ, ಹೊಸಬರ ನೇಮಕ ನಡೆಯುವುದಿಲ್ಲ. ನಮ್ಮ ಊರುಗಳಲ್ಲೂ ಇದನ್ನು ಗಮನಿಸಬೇಕಾದದ್ದು ವಜಾ ಆದವರ ಪಟ್ಟಿಯಲ್ಲಲ್ಲ, ತುಂಬದೆ ಉಳಿದ ಹುದ್ದೆಗಳ ಪಟ್ಟಿಯಲ್ಲಿ.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕಾರ್ಲ್ ಫ್ರೇ ಮತ್ತು ಮೈಕೆಲ್ ಆಸ್ಬರ್ನ್ 2013ರಲ್ಲಿ ಅಮೆರಿಕದ ಸುಮಾರು 700 ವೃತ್ತಿಗಳನ್ನು ಪರಿಶೀಲಿಸಿ, ಯಾವುದನ್ನು ಗಣಕಯಂತ್ರ ಮಾಡಬಲ್ಲದು ಎಂದು ಅಂದಾಜು ಮಾಡಿದರು. ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ ಅಂಚೆ ಕಚೇರಿಯ ಗುಮಾಸ್ತರಿಗೆ 0.95, ವಿಂಗಡಣೆಗಾರರಿಗೆ 0.79, ಮನೆಮನೆಗೆ ಹಂಚುವವರಿಗೆ 0.68 ಎಂಬ ಸಂಭವನೀಯತೆ ಬಂತು. ಈ ಅಂಕಿಗಳನ್ನು ಭವಿಷ್ಯವಾಣಿಯಂತೆ ಓದಬಾರದು. ತಾಂತ್ರಿಕವಾಗಿ ಸಾಧ್ಯವೇ ಎಂಬುದನ್ನು ಅವು ಹೇಳುತ್ತವೆಯೇ ಹೊರತು, ಯಾವಾಗ, ಯಾವ ಖರ್ಚಿನಲ್ಲಿ ಎಂಬುದನ್ನು ಹೇಳುವುದಿಲ್ಲ. ಆದರೆ ಅವುಗಳ ಕ್ರಮ ಸರಿಯಾಗಿದೆ ಎಂದು ನನಗೆ ಅನ್ನಿಸುತ್ತದೆ. ಕಿಟಕಿಯ ಹಿಂದೆ ಕುಳಿತವರ ಕೆಲಸಕ್ಕೆ ಅಪಾಯ ಹೆಚ್ಚು, ಬಿಸಿಲಿನಲ್ಲಿ ಅಲೆಯುವವರ ಕೆಲಸಕ್ಕೆ ಕಡಿಮೆ. ಹತ್ತನೇ ತರಗತಿ ಓದಿದವರಿಗಿಂತ ಪದವಿ ಓದಿದವರ ಕುರ್ಚಿ ಗಟ್ಟಿಯೆಂಬ ನಮ್ಮ ಮನೆಗಳ ನಂಬಿಕೆಗೆ ಇದು ಪೂರ್ತಿ ವಿರುದ್ಧ.

ಹಾಗೆಂದು ಅಲೆಯುವವರು ನಿಶ್ಚಿಂತರಾಗಿರಬಹುದು ಎಂದಲ್ಲ. ಅವರಿಗೆ ನಿಜವಾದ ಅಪಾಯ ರೋಬಾಟ್‌ಗಿಂತ ಹೆಚ್ಚಾಗಿ, ಕಾಗದವೇ ಇಲ್ಲವಾಗುವುದರಿಂದ ಬರುತ್ತದೆ. ಡೆನ್ಮಾರ್ಕಿನಲ್ಲಿ 2000ದಲ್ಲಿ ಸುಮಾರು 140 ಕೋಟಿ ಪತ್ರಗಳು ಹೋಗಿಬರುತ್ತಿದ್ದವು. 2024ರಲ್ಲಿ ಅದು 11 ಕೋಟಿಗೆ ಇಳಿಯಿತು. ಅಲ್ಲಿಯ ಸರ್ಕಾರ 2014ರಿಂದ ನಾಗರಿಕರಿಗೆ ತನ್ನ ಕಾಗದಪತ್ರಗಳನ್ನು ಡಿಜಿಟಲ್ ಪೆಟ್ಟಿಗೆಗೆ ಕಳುಹಿಸುವುದನ್ನೇ ನಿಯಮ ಮಾಡಿತ್ತು. ಕೊನೆಗೆ 1624ರಲ್ಲಿ ಆರಂಭವಾಗಿದ್ದ ಅಂಚೆ ಸೇವೆಯು 2025ರ ಅಂತ್ಯಕ್ಕೆ ಪತ್ರ ಬಟವಾಡೆಯನ್ನು ನಿಲ್ಲಿಸಿ ಪಾರ್ಸೆಲ್‌ಗೆ ಮೀಸಲಾಯಿತು, 1,500 ಕೆಂಪು ಡಬ್ಬಗಳನ್ನು ಬೀದಿಗಳಿಂದ ಕಿತ್ತರು. ಆ ಕೆಲಸಗಳನ್ನು ಕಸಿದುಕೊಂಡದ್ದು ಬಟವಾಡೆ ಮಾಡುವ ಯಂತ್ರವಲ್ಲ, ಸರ್ಕಾರಿ ಕಚೇರಿಯ ಒಂದು ತೀರ್ಮಾನ.

ನಮ್ಮಲ್ಲೂ ಅಂಥ ತೀರ್ಮಾನಗಳು ಒಂದೊಂದಾಗಿ ಬರುತ್ತಿವೆ. ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ವೃದ್ಧಾಪ್ಯ ವೇತನ, ವಿಧವಾ ವೇತನಗಳನ್ನು ಅಂಚೆಯಣ್ಣ ಮನಿಯಾರ್ಡರ್ ಮೂಲಕ ಕೈಗೆ ಎಣಿಸಿ ಕೊಡುತ್ತಿದ್ದ ಕಾಲ ಹೋಗಿ, ಹಣ ನೇರವಾಗಿ ಖಾತೆಗೆ ಜಮೆಯಾಗುವ ಕಾಲ ಬಂತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ನ್ಯಾಯಾಲಯದ ಸಮನ್ಸನ್ನು ಎಲೆಕ್ಟ್ರಾನಿಕ್ ಮಾರ್ಗದಲ್ಲಿ ತಲುಪಿಸಲು ಅವಕಾಶ ಕೊಟ್ಟಿದೆ. 1898ರ ಕಾಯಿದೆಯು ಪತ್ರ ಸಾಗಿಸುವ ಹಕ್ಕನ್ನು ಸರ್ಕಾರಕ್ಕೆ ಮಾತ್ರ ಕೊಟ್ಟಿತ್ತು. ಅದರ ಜಾಗಕ್ಕೆ 2024ರ ಜೂನ್ 18ರಿಂದ ಜಾರಿಗೆ ಬಂದ ಹೊಸ ಅಂಚೆ ಕಚೇರಿ ಕಾಯಿದೆಯಲ್ಲಿ ಆ ಏಕಸ್ವಾಮ್ಯವಿಲ್ಲ. ರಿಜಿಸ್ಟರ್ಡ್ ಪೋಸ್ಟ್ ಎಂಬ ಹಳೆಯ ಸೇವೆ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ವಿಲೀನವಾಯಿತು. ಎಟಿಎಂ ಕಾರ್ಡು, ಮತದಾರರ ಗುರುತಿನ ಚೀಟಿ, ಆಧಾರ್, ಪಾನ್, ಚಾಲನಾ ಪರವಾನಗಿ ಇವೇ ಇವತ್ತು ಹಳ್ಳಿಯ ಟಪಾಲು ಚೀಲದ ಬೆನ್ನೆಲುಬು. ಮೊಬೈಲಿನಲ್ಲಿ ತೋರಿಸಿದರೆ ಸಾಕು, ಪ್ಲಾಸ್ಟಿಕ್ ಕಾರ್ಡು ಬೇಡ ಎಂದು ಇವುಗಳಲ್ಲಿ ಒಂದೊಂದು ಇಲಾಖೆ ತೀರ್ಮಾನಿಸಿದಾಗಲೂ ಪಾವಗಡದ, ಗೌರಿಬಿದನೂರಿನ, ಶ್ರೀನಿವಾಸಪುರದ ಬೀಟುಗಳ ತೂಕ ಅಷ್ಟಷ್ಟು ಇಳಿಯುತ್ತದೆ.

ಚೀಲದಲ್ಲಿ ಖಾಲಿಯಾದ ಜಾಗವನ್ನು ಎರಡು ಸಂಗತಿಗಳು ತುಂಬುತ್ತಿವೆ. ಒಂದು ಪಾರ್ಸೆಲ್. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೋಲಾರ ಜಿಲ್ಲೆಯ ಮಾಲೂರು, ನರಸಾಪುರದ ಹೆದ್ದಾರಿಗಳ ಬದಿಯಲ್ಲಿ ಎದ್ದಿರುವ ಗೋದಾಮುಗಳನ್ನು ನೋಡಿದವರಿಗೆ ಅದು ಗೊತ್ತು. ಅಲ್ಲಿ ಖಾಸಗಿ ಸಂಸ್ಥೆಗಳ ಪೈಪೋಟಿ ಜೋರಾಗಿದೆ, ಗೋದಾಮಿನ ಒಳಗಿನ ವಿಂಗಡಣೆಯನ್ನು ಯಂತ್ರಗಳು ವಹಿಸಿಕೊಳ್ಳುತ್ತಿವೆ, ಹೊರಗಿನ ಬಟವಾಡೆಗೆ ಮನುಷ್ಯರೇ ಬೇಕು. ಎರಡನೆಯದು ಬ್ಯಾಂಕಿನ ಕೆಲಸ, ಮತ್ತು ನನ್ನ ದೃಷ್ಟಿಯಲ್ಲಿ ಅಂಚೆಯಣ್ಣನ ನಾಳೆಯನ್ನು ಹೆಚ್ಚಾಗಿ ನಿರ್ಧರಿಸುವುದು ಇದೇ.

2018ರ ಸೆಪ್ಟೆಂಬರ್ 1ರಂದು ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ದೇಶಾದ್ಯಂತ ಆರಂಭವಾಯಿತು. ಟಪಾಲು ಹಂಚುವವರ ಕೈಗೆ ಮೊಬೈಲ್ ಮತ್ತು ಬೆರಳಿನ ಗುರುತು ಓದುವ ಯಂತ್ರ ಬಂದವು. ನಿಮ್ಮ ಖಾತೆ ಯಾವ ಬ್ಯಾಂಕಿನಲ್ಲೇ ಇರಲಿ, ಅದಕ್ಕೆ ಆಧಾರ್ ಜೋಡಣೆಯಾಗಿದ್ದರೆ, ಅಂಚೆಯಣ್ಣನ ಯಂತ್ರದ ಮೇಲೆ ಬೆರಳಿಟ್ಟು ಮನೆಯಲ್ಲೇ ಹಣ ಪಡೆಯಬಹುದು. ಬೆರಳಿನ ಗುರುತು ಆಧಾರ್ ಪ್ರಾಧಿಕಾರಕ್ಕೆ ಹೋಗಿ ಹೊಂದಾಣಿಕೆಯಾಗುತ್ತದೆ, ನಿಮ್ಮ ಬ್ಯಾಂಕು ಆ ಮೊತ್ತವನ್ನು ಖಾತೆಯಿಂದ ಕಳೆಯುತ್ತದೆ, ಅಂಚೆಯಣ್ಣ ತನ್ನ ಬಳಿಯ ನಗದನ್ನು ಎಣಿಸಿ ಕೊಡುತ್ತಾನೆ. 2020ರಿಂದ ನಿವೃತ್ತರ ಜೀವನ ಪ್ರಮಾಣಪತ್ರವನ್ನೂ, 2021ರಿಂದ ಆಧಾರ್‌ಗೆ ಮೊಬೈಲ್ ಸಂಖ್ಯೆ ಸೇರಿಸುವುದನ್ನೂ ಅವರು ಮನೆ ಬಾಗಿಲಿನಲ್ಲೇ ಮಾಡುತ್ತಿದ್ದಾರೆ. 2023ರಿಂದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಖಾತೆಗೆ ಜಮೆಯಾಗತೊಡಗಿದ ಮೇಲೆ, ಬ್ಯಾಂಕಿಗೆ ಬಸ್ ಹತ್ತಿ ಹೋಗಲಾಗದ ಎಷ್ಟೋ ಹೆಂಗಸರಿಗೆ ಇದು ಹತ್ತಿರದ ದಾರಿ.

ಅದೇ ಬೀಟಿನಲ್ಲಿ ಒಂದು ಮನೆಯ ಜಗಲಿಯ ಮೇಲೆ ಇದನ್ನು ಹತ್ತಿರದಿಂದ ನೋಡಿದೆ. ಎಪ್ಪತ್ತು ದಾಟಿದ ಅಜ್ಜಿ ಹೆಬ್ಬೆರಳನ್ನು ಗಾಜಿನ ಮೇಲೆ ಒತ್ತಿದರು, ಯಂತ್ರ ಒಪ್ಪಲಿಲ್ಲ. ಹುಣಸೆಹಣ್ಣು ಕುಟ್ಟಿ, ಬೀಜ ಬಿಡಿಸಿ ಸವೆದ ಬೆರಳು ಅದು. "ಬೆಟ್ಟೆಲ್ಲ ಸವೆದೋಗೈತೆ ಕಣಪ್ಪ" ಎಂದರು. ಟಪಾಲು ಹಂಚುವ ಆ ಯುವಕ ತನ್ನ ಕರವಸ್ತ್ರದಿಂದ ಅವರ ಬೆರಳುಗಳನ್ನು ಒಂದೊಂದಾಗಿ ಒರೆಸಿ, ತೋರುಬೆರಳು, ನಡುಬೆರಳು ಎಂದು ಪ್ರಯತ್ನಿಸಿದ. ಎಡಗೈಯ ಉಂಗುರ ಬೆರಳಿಗೆ ಹಸಿರು ದೀಪ ಹತ್ತುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. "ಅಜ್ಜಿ, ಒಂದೈದು ನಿಮಿಷ, ಏರಿ ಮೇಲಕ್ಕೆ ಹೋಗೋಣ ಬನ್ನಿ" ಎಂದು ಅವರನ್ನು ನಿಧಾನವಾಗಿ ಕೈ ಹಿಡಿದು ನಡೆಸಿಕೊಂಡು ಹೋದ, ಅಲ್ಲಿ ಸಿಗ್ನಲ್ ಸಿಕ್ಕಿತು. ಹಣ ಎಣಿಸಿ ಕೊಟ್ಟು, ಖಾತೆಯಲ್ಲಿ ಉಳಿದಿರುವುದು ಎಷ್ಟೆಂದು ಎರಡು ಸಲ ಹೇಳಿದ. ಒಟ್ಟು ಇಪ್ಪತ್ತೆರಡು ನಿಮಿಷ. ಕೇಂದ್ರ ಕಚೇರಿಯ ಗಣಕದಲ್ಲಿ ಅದು ಒಂದು ವ್ಯವಹಾರ ಎಂದು ಮಾತ್ರ ದಾಖಲಾಗುತ್ತದೆ.

ಅಳೆಯುವ ಯಂತ್ರ ಮತ್ತು ಅಳತೆಗೆ ಸಿಗದ ಕೆಲಸ, ಇವೆರಡರ ನಡುವಿನ ಈ ಅಂತರವನ್ನು ಅರ್ಥ ಮಾಡಿಕೊಳ್ಳದೆ ಯಾಂತ್ರೀಕರಣದ ಚರ್ಚೆ ಪೂರ್ತಿಯಾಗದು. ಅಂಚೆ ಇಲಾಖೆಯು ಎಪಿಟಿ ಎಂಬ ತನ್ನದೇ ಹೊಸ ತಂತ್ರಾಂಶವನ್ನು ಮೊದಲು 2025ರ ಮೇ-ಜೂನ್‌ನಲ್ಲಿ ನಮ್ಮ ಕರ್ನಾಟಕ ವೃತ್ತದಲ್ಲೇ ಪ್ರಯೋಗಿಸಿ, ಆಗಸ್ಟ್ 4ರ ಹೊತ್ತಿಗೆ ದೇಶದ 1.64 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿಗೆ ವಿಸ್ತರಿಸಿತು. ಬುಕಿಂಗ್‌ನಿಂದ ಬಟವಾಡೆಯವರೆಗೆ ಪ್ರತಿ ಹೆಜ್ಜೆಯೂ ಅದರಲ್ಲಿ ದಾಖಲಾಗುತ್ತದೆ. ಇದರಿಂದ ಲಾಭವಿದೆ: ಸಂಜೆ ಕುಳಿತು ರಿಜಿಸ್ಟರ್ ತುಂಬುವ ಶ್ರಮ ತಗ್ಗುತ್ತದೆ, ಕಾಗದ ಕೊಟ್ಟಿಲ್ಲವೆಂಬ ಸುಳ್ಳು ದೂರು ಬಂದರೆ ನೌಕರರ ಬಳಿ ದಾಖಲೆಯಿರುತ್ತದೆ. ಆದರೆ ಯಾವ ಬೀಟಿನಲ್ಲಿ ದಿನಕ್ಕೆ ಎಷ್ಟು ಕಾಗದ, ಎಷ್ಟು ವ್ಯವಹಾರ ಎಂಬ ಲೆಕ್ಕ ಮೇಲಿನವರಿಗೆ ನಿಖರವಾಗಿ ಸಿಗುವಾಗ, ಎರಡು ಬೀಟುಗಳನ್ನು ಒಂದು ಮಾಡುವುದೂ ಅಷ್ಟೇ ಸುಲಭವಾಗುತ್ತದೆ. ಕೆರೆ ಏರಿಯವರೆಗೆ ನಡೆದ ಇಪ್ಪತ್ತೆರಡು ನಿಮಿಷವನ್ನು ಲೆಕ್ಕಕ್ಕೆ ತರುವ ಕ್ರಮ ಬಾರದಿದ್ದರೆ, ಹೆಚ್ಚು ಹೊತ್ತು ಬೇಡುವ ಮುದುಕರ ಮನೆಗಳೇ ಮೊದಲು ಕೈಬಿಟ್ಟುಹೋಗುತ್ತವೆ ಎಂಬುದು ನನ್ನ ಆತಂಕ.

ವಿಳಾಸದ ವಿಷಯದಲ್ಲೂ ಬದಲಾವಣೆ ಶುರುವಾಗಿದೆ. ಐಐಟಿ ಹೈದರಾಬಾದ್ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ನೆರವಿನಿಂದ ಅಂಚೆ ಇಲಾಖೆ ಡಿಜಿಪಿನ್ ಎಂಬ ವ್ಯವಸ್ಥೆಯನ್ನು ರೂಪಿಸಿ 2025ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿತು. ಇಡೀ ದೇಶವನ್ನು ಸುಮಾರು 4 ಮೀಟರ್ ಉದ್ದ, 4 ಮೀಟರ್ ಅಗಲದ ಚೌಕಗಳಾಗಿ ವಿಭಾಗಿಸಿ, ಪ್ರತಿ ಚೌಕಕ್ಕೂ ಹತ್ತು ಅಕ್ಷರ-ಅಂಕಿಗಳ ಗುರುತು ಕೊಡಲಾಗಿದೆ. ಮನೆ ಸಂಖ್ಯೆಯಿಲ್ಲದ ತೋಟದ ಮನೆಗೂ ಇದರಿಂದ ಒಂದು ನಿಖರ ವಿಳಾಸ ಸಿಗುತ್ತದೆ. ಎಲ್ಲರೂ ಅದನ್ನು ಬಳಸುವ ದಿನ ಬಂದರೆ, ಊರಿನ ಪರಿಚಯವಿಲ್ಲದ ಹೊಸಬರೂ ಮೊಬೈಲ್ ನೋಡಿಕೊಂಡು ಆ ಮನೆಗೆ ಹೋಗಬಲ್ಲರು. ಅಂಚೆಯಣ್ಣನ ತಲೆಯೊಳಗಿನ ನಕ್ಷೆಗೆ ಇದುವರೆಗೆ ಇದ್ದ ಬೆಲೆ ಆಗ ತಗ್ಗುವುದು ನಿಜ. ಉಳಿಯುವುದು ಇನ್ನೊಂದು ಬಗೆಯ ಪರಿಚಯ: ಚೌಕ ಯಾವುದೆಂದು ಡಿಜಿಪಿನ್ ಹೇಳುತ್ತದೆ; ಆ ಚೌಕದಲ್ಲಿ ಕುಳಿತಿರುವ ಅಜ್ಜಿ ಯಾರ ಮುಂದೆ ಧೈರ್ಯವಾಗಿ ಬೆರಳು ಒತ್ತುತ್ತಾರೆ ಎಂಬುದನ್ನು ಹೇಳುವುದಿಲ್ಲ.

ಡ್ರೋನ್ ಬಗ್ಗೆ ಎಲ್ಲರೂ ಕೇಳುವುದರಿಂದ ಒಂದು ಮಾತು. 2022ರ ಮೇ ತಿಂಗಳಲ್ಲಿ ಗುಜರಾತಿನ ಕಚ್ ಜಿಲ್ಲೆಯಲ್ಲಿ ಅಂಚೆ ಇಲಾಖೆಯ ಡ್ರೋನ್ 46 ಕಿಲೋಮೀಟರ್ ದೂರವನ್ನು 25 ನಿಮಿಷದಲ್ಲಿ ಹಾರಿ ಪಾರ್ಸೆಲ್ ಮುಟ್ಟಿಸಿತು. ಕಚೇರಿಯಿಂದ ಕಚೇರಿಗೆ, ರಸ್ತೆ ಕೆಟ್ಟಿರುವ ಕಡೆ ಔಷಧಿ ಸಾಗಿಸಲು ಅದು ಉಪಯುಕ್ತ. ಮನೆಮನೆಗೆ ಕಾಗದ ಹಂಚುವ, ಸಹಿ ಪಡೆಯುವ, ಹಣ ಎಣಿಸುವ ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ.

ಈಗ ಕೆಲಸಕ್ಕೆ ಸೇರಬೇಕೆನ್ನುವವರ ವಿಷಯ. ನಾವು ಸಲೀಸಾಗಿ ಅಂಚೆಯಣ್ಣ ಎನ್ನುವ ಒಂದೇ ಹೆಸರಿನ ಹಿಂದೆ ಎರಡು ಬೇರೆ ಬೇರೆ ಉದ್ಯೋಗಗಳಿವೆ. ತುಮಕೂರು, ತಿಪಟೂರಿನಂಥ ಪಟ್ಟಣಗಳ ಬಟವಾಡೆ ಕಚೇರಿಯ ಪೋಸ್ಟ್‌ಮ್ಯಾನ್ ಇಲಾಖೆಯ ಕಾಯಂ ನೌಕರ. ಏಳನೇ ವೇತನ ಆಯೋಗದ ಮೂರನೇ ಹಂತದ 21,700 ರೂಪಾಯಿ ಮೂಲ ವೇತನ, ಅದರ ಮೇಲೆ ಭತ್ಯೆಗಳು. ಹಳ್ಳಿಯ ಶಾಖಾ ಕಚೇರಿಯವರು ಗ್ರಾಮೀಣ ಡಾಕ್ ಸೇವಕರು. ದೇಶದಲ್ಲಿ ಇವರ ಸಂಖ್ಯೆ ಸುಮಾರು ಎರಡೂವರೆ ಲಕ್ಷ. ಹಿಂದೆ ಇವರನ್ನು ಇಲಾಖೇತರ (ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್) ಏಜೆಂಟರು ಎನ್ನುತ್ತಿದ್ದರು, ಹಳಬರು ಈಗಲೂ "ಇಡಿ" ಎಂದೇ ಕರೆಯುತ್ತಾರೆ. ಇವರದ್ದೂ ನಾಗರಿಕ ಹುದ್ದೆಯೇ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ತೀರ್ಪು ಕೊಟ್ಟಿದ್ದರೂ, ಕಾಯಂ ನೌಕರರ ವೇತನ ಶ್ರೇಣಿ ಇವರಿಗಿಲ್ಲ. ಕಮಲೇಶ್ ಚಂದ್ರ ಸಮಿತಿಯ ಶಿಫಾರಸಿನ ಮೇಲೆ 2018ರಲ್ಲಿ ನಿಗದಿಯಾದ ಪ್ರಕಾರ, ಸಹಾಯಕ ಶಾಖಾ ಪೋಸ್ಟ್‌ಮಾಸ್ಟರ್‌ಗೆ ಮತ್ತು ಡಾಕ್ ಸೇವಕರಿಗೆ ನಾಲ್ಕು ಗಂಟೆಯ ಕೆಲಸಕ್ಕೆ 10,000, ಐದು ಗಂಟೆಗೆ 12,000 ರೂಪಾಯಿ. ಶಾಖಾ ಪೋಸ್ಟ್‌ಮಾಸ್ಟರ್‌ಗೆ 12,000 ಮತ್ತು 14,500. ಇದರ ಮೇಲೆ ತುಟ್ಟಿಭತ್ಯೆ, ವರ್ಷಕ್ಕೆ ಶೇ. 3ರ ಏರಿಕೆ, ಬ್ಯಾಂಕಿನ ಕೆಲಸಕ್ಕೆ ಪ್ರೋತ್ಸಾಹಧನ. ಜೀವನಕ್ಕೆ ಬೇರೆ ಆದಾಯವೂ ಇರಬೇಕೆಂದು ನಿಯಮವೇ ಹೇಳುತ್ತದೆ. 65 ವರ್ಷದವರೆಗೆ ಕೆಲಸವಿದೆ.

ನನ್ನ ಅಭಿಪ್ರಾಯದಲ್ಲಿ ಯಾಂತ್ರೀಕರಣದ ನಿಜವಾದ ಪ್ರಶ್ನೆ ಇಲ್ಲಿದೆ. ಕಾಗದ ಕಡಿಮೆಯಾಗಿ ಬ್ಯಾಂಕಿನ ಕೆಲಸ ಹೆಚ್ಚಾದಂತೆ ಗಂಟೆಯ ಲೆಕ್ಕದ ಸಂಬಳದಿಂದ ವ್ಯವಹಾರದ ಲೆಕ್ಕದ ಪ್ರೋತ್ಸಾಹಧನದ ಕಡೆಗೆ ಈ ಉದ್ಯೋಗ ವಾಲುತ್ತಿದೆ. ಖಾತೆ ತೆರೆಸುವ ಗುರಿ, ವಿಮೆ ಮಾಡಿಸುವ ಗುರಿ ಹೆಗಲಿಗೆ ಬೀಳುತ್ತದೆ. ಜನರ ವಿಶ್ವಾಸವೇ ಬಂಡವಾಳವಾದ ಕೆಲಸದಲ್ಲಿ ಆ ವಿಶ್ವಾಸವನ್ನು ಗುರಿ ಮುಟ್ಟಲು ಬಳಸಬೇಕಾದ ಒತ್ತಡ ಬರಬಾರದು. ಮೈಸೂರು ಸಂಸ್ಥಾನದಲ್ಲಿ 1672ರಲ್ಲಿ ಚಿಕ್ಕದೇವರಾಜ ಒಡೆಯರು ಅಂಚೆ ವ್ಯವಸ್ಥೆ ಕಟ್ಟಿದಾಗ ಅದು ಅರಮನೆಯ ಓಲೆಗಳನ್ನೂ ಸುದ್ದಿಯನ್ನೂ ಹೊರುತ್ತಿತ್ತು. 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರುವ ಹೊತ್ತಿಗೆ ಮನಿಯಾರ್ಡರ್ ಮತ್ತು ಉಳಿತಾಯ ಖಾತೆಗಳೂ ಅಂಚೆಯ ಭಾಗವಾಗಿದ್ದವು. ಹೊರುವ ವಸ್ತು ಬದಲಾಗುವುದು ಈ ಕೆಲಸಕ್ಕೆ ಹೊಸದಲ್ಲ. ಹೊರುವವರಿಗೆ ಎಷ್ಟು ಕೂಲಿ, ಯಾವ ಭದ್ರತೆ ಎಂಬುದನ್ನು ಯಂತ್ರ ನಿರ್ಧರಿಸುವುದಿಲ್ಲ, ಸರ್ಕಾರ ನಿರ್ಧರಿಸುತ್ತದೆ.

ನೇಮಕಾತಿ ನಿಂತಿಲ್ಲ. 2024ರ ಜುಲೈನ ಪ್ರಕಟಣೆಯಲ್ಲಿ ದೇಶಾದ್ಯಂತ 44,228, 2025ರ ಫೆಬ್ರವರಿಯ ಪ್ರಕಟಣೆಯಲ್ಲಿ 21,413 ಗ್ರಾಮೀಣ ಡಾಕ್ ಸೇವಕ ಹುದ್ದೆಗಳಿಗೆ ಅರ್ಜಿ ಕರೆಯಲಾಗಿತ್ತು. ಹತ್ತನೇ ತರಗತಿಯ ಅಂಕಗಳೇ ಆಯ್ಕೆಯ ಆಧಾರ, ಕನ್ನಡ ಓದಿರಬೇಕು, 18ರಿಂದ 40ರ ವಯಸ್ಸು. ಒಳಗೆ ಸೇರಿದವರು ಇಲಾಖಾ ಪರೀಕ್ಷೆ ಬರೆದು ಕಾಯಂ ಪೋಸ್ಟ್‌ಮ್ಯಾನ್ ಆಗಲು, ಮುಂದೆ ಅಂಚೆ ಸಹಾಯಕರಾಗಲು ದಾರಿಯಿದೆ. ಈ ಹುದ್ದೆಯನ್ನು ಆ ದಾರಿಯ ಮೊದಲ ಮೆಟ್ಟಿಲಾಗಿ ನೋಡುವವರಿಗೆ, ಅಥವಾ ಮನೆಯಲ್ಲಿ ಒಂದಿಷ್ಟು ಜಮೀನು, ನಾಲ್ಕು ಹಸು ಇದ್ದು ಊರಲ್ಲೇ ಇರಬೇಕೆನ್ನುವವರಿಗೆ ಅರ್ಜಿ ಹಾಕಿ ಎಂದೇ ಹೇಳುತ್ತೇನೆ. ಇದೊಂದರಿಂದಲೇ ಸಂಸಾರ ನಡೆಸಬೇಕೆನ್ನುವವರು ಮೇಲಿನ ಸಂಬಳದ ಅಂಕಿಗಳನ್ನು ಮತ್ತೊಮ್ಮೆ ಓದಬೇಕು.

ಅರ್ಜಿಯಲ್ಲಿ ಶಾಖಾ ಕಚೇರಿಗಳ ಆದ್ಯತೆ ಗುರುತಿಸುವ ಮುನ್ನ, ಸಾಧ್ಯವಾದರೆ ಆ ಊರಿಗೇ ಹೋಗಿ ಚೀಲ ಬಿಚ್ಚುವ ಹೊತ್ತಿಗೆ ಕುಳಿತು ನೋಡಿ. ಚೀಲದಲ್ಲಿ ಎಷ್ಟು ಕಾಗದ ಬರುತ್ತದೆ, ಅದರಲ್ಲಿ ಕಾರ್ಡುಗಳೆಷ್ಟು, ಪಾರ್ಸೆಲ್‌ಗಳೆಷ್ಟು, ಬೆರಳಿನ ಗುರುತು ಓದುವ ಯಂತ್ರದ ಮುಂದೆ ದಿನಕ್ಕೆ ಎಷ್ಟು ಮಂದಿ ಬರುತ್ತಾರೆ, ಬೀಟಿನಲ್ಲಿ ಎಷ್ಟು ಹಟ್ಟಿಗಳಿವೆ, ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಅಲ್ಲಿರುವವರನ್ನು ಕೇಳಿ. ನಾನು ಕುಳಿತಿದ್ದ ದಿನ ಹದಿನಾಲ್ಕು ಲಕೋಟೆಗಳಿಗೆ ಎರಡು ಪಾರ್ಸೆಲ್, ಹಣ ಪಡೆದವರು ಹನ್ನೊಂದು ಮಂದಿ. ಲಕ್ಷ್ಮಮ್ಮನವರ ಲಕೋಟೆ ಮಧ್ಯಾಹ್ನ ಒಂದೂಕಾಲಕ್ಕೆ ಅವರ ಕೈ ಸೇರಿತು. ಅವರು ಅದನ್ನು ಅವನ ಕೈಗೇ ವಾಪಸ್ ಕೊಟ್ಟು, ಓದಿ ಹೇಳಪ್ಪ ಎಂದರು.